ಮಾದಾಪುರದಲ್ಲಿ ಕಾಲ್ನಡೆಯವನೇ ಹೊರನಾಡಿಗ

ಹೊರನಾಡ ಕನ್ನಡಿಗನ ಸಮಸ್ಯೆಗಳೆಂದು ನಮ್ಮ ಸಭೆಗಳಲ್ಲಿ ಪಟ್ಟಿಯಾಗುವ ಸಂಗತಿಗಳು ಎಲ್ಲರಿಗೂ ಬಾಯಿಪಾಠವಾಗಿವೆ. ಮಕ್ಕಳ ಕನ್ನಡ ಕಲಿಕೆ, ವಿದ್ಯಾರ್ಥಿಗಳಿಲ್ಲದೆ ಸೊರಗುತ್ತಿರುವ ಕನ್ನಡ ಶಾಲೆಗಳು, ಸಂಘದ ಕಟ್ಟಡಕ್ಕೆ ಬರಬೇಕಾದ ಅನುದಾನ, ತಾಯ್ನಾಡಿನ ಸರ್ಕಾರದ ಮರೆವು. ಇವು ಸಣ್ಣವೆಂದು ನಾನು ಹೇಳಲಾರೆ. ಆದರೆ ಹೈದರಾಬಾದಿನ ಮಾದಾಪುರದಲ್ಲಿ ಒಂಬತ್ತು ವರ್ಷಗಳಿಂದ ವಾಸವಾಗಿರುವ ನಾನು ಈ ಪಟ್ಟಿಗೆ ಫುಟ್‌ಪಾತನ್ನೂ ಸೇರಿಸಬೇಕೆಂದು ವಾದಿಸಲು ಹೊರಟಿದ್ದೇನೆ. ಕಳೆದ ಕಾರ್ಯಕಾರಿ ಸಭೆಯಲ್ಲಿ ಈ ಮಾತೆತ್ತಿದಾಗ ಹಿರಿಯರೊಬ್ಬರು, “ರಾಯರೇ, ಅದು ಮುನಿಸಿಪಾಲಿಟಿಯವರ ಕೆಲಸ, ನಮ್ಮದು ಸಾಂಸ್ಕೃತಿಕ ಸಂಸ್ಥೆ” ಎಂದು ನಕ್ಕು ಮುಂದಿನ ವಿಷಯವನ್ನು ಎತ್ತಿಕೊಂಡರು. ಆ ನಗುವಿಗೆ ಕೊಡುವ ಉತ್ತರವೆಂದೂ ಓದುಗ ಮಿತ್ರರು ಇದನ್ನು ಭಾವಿಸಬಹುದು.

ನನ್ನ ಅವ್ವ ಸೇಡಂ ತಾಲೂಕಿನವಳು, ಮಳಖೇಡದ ಪಕ್ಕದ ಹಳ್ಳಿಯಲ್ಲಿ ಬಾಳಿದವಳು. ಹೊಲಕ್ಕೆ, ಸಂತೆಗೆ, ಜಾತ್ರೆಗೆ, ಬಾಣಂತನಕ್ಕೆ ಎಪ್ಪತ್ತು ವರ್ಷ ನಡೆದೇ ಹೋದವಳು. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಮಾದಾಪುರಕ್ಕೆ ಕರೆತಂದೆ. ಬಂದ ವಾರದಲ್ಲೇ ಬಾಲ್ಕನಿಯಲ್ಲಿ ನಿಂತು ಕೆಳಗೆ ನೋಡುತ್ತ ಕೇಳಿದಳು: “ಈ ಊರಾಗ ಮಂದಿ ಎಲ್ಲಿ ನಡೀತಾರಪಾ?” ನಾನು ನಕ್ಕುಬಿಟ್ಟೆ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ದೇವಸ್ಥಾನಕ್ಕೆಂದು ಹೊರಟವಳಿಗೆ, ಏಕಮುಖ ರಸ್ತೆಯಲ್ಲಿ ಎದುರುಗಡೆಯಿಂದ ಬಂದ ಮೋಟಾರು ಸೈಕಲ್ಲೊಂದು ಬಡಿಯಿತು. ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾಯಿತು. ಈಗ ನಾಲ್ಕು ಕಾಲಿನ ಅಲ್ಯೂಮಿನಿಯಂ ಚೌಕಟ್ಟು ಹಿಡಿದು ಬಾಲ್ಕನಿಯವರೆಗೆ ಬರುತ್ತಾಳೆ. ಗಾಡಿ ಓಡಿಸುತ್ತಿದ್ದವನು ಊಟದ ಪೊಟ್ಟಣ ತಲುಪಿಸುವ ಇಪ್ಪತ್ತರ ಹುಡುಗ. ಅವನೂ ಗಡಿಯಾರದ ಗುಲಾಮನೇ. ಅವನ ಮೇಲೆ ನನಗೆ ಬಹಳ ದಿನ ಸಿಟ್ಟು ಉಳಿಯಲಿಲ್ಲ. ಸಿಟ್ಟು ಉಳಿದದ್ದು ದೂರು ಕೊಡಲು ಹೋದಾಗ ಎದುರಾದ ಪ್ರಶ್ನೆಯ ಮೇಲೆ. ಅಲ್ಲಿದ್ದ ಸಿಬ್ಬಂದಿಯೊಬ್ಬರು ಬರೆಯುವುದನ್ನು ನಿಲ್ಲಿಸಿ, “ಅಂಥಾ ವಯಸ್ಸಾದವರನ್ನು ಒಬ್ಬರೇ ರೋಡಿಗೆ ಯಾಕೆ ಬಿಟ್ಟಿರಿ?” ಎಂದು ಕೇಳಿದರು. ದುರುದ್ದೇಶದಿಂದಲ್ಲ, ನಿಜವಾದ ಕಳಕಳಿಯಿಂದಲೇ. ರಸ್ತೆಯೆಂಬುದು ಹುಲಿಯಿರುವ ಕಾಡು, ಅದರೊಳಗೆ ಮುದುಕಿಯನ್ನು ಕಳಿಸಿದ ಮಗನೇ ತಪ್ಪಿತಸ್ಥ ಎಂಬ ಈ ತಿಳಿವಳಿಕೆ ಕಚೇರಿಯಲ್ಲಿ, ಸಂಘದಲ್ಲಿ, ನನ್ನ ಮನೆಯಲ್ಲೂ ಇದೆ. ನಾನು ಜಗಳ ತೆಗೆಯಲು ಬಯಸುವುದು ಈ ತಿಳಿವಳಿಕೆಯೊಡನೆ.

ಇದೇ ಹೈದರಾಬಾದಿನ ಇನ್ನೊಂದು ಮುಖವನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳು 1956ರ ನವೆಂಬರ್ ಒಂದರವರೆಗೆ ಇದೇ ಊರನ್ನು ರಾಜಧಾನಿಯೆಂದು ನೋಡಿದ ಪ್ರದೇಶಗಳು. ನೌಕರಿ, ಕೋರ್ಟು, ಆಸ್ಪತ್ರೆ, ಕಾಲೇಜು, ಎಲ್ಲಕ್ಕೂ ಅಲ್ಲಿಯ ಜನ ಇಲ್ಲಿಗೇ ಬರುತ್ತಿದ್ದರು. ಹಾಗೆ ಬಂದು ನೆಲೆಸಿದ ನನ್ನ ಸೋದರಮಾವನ ಮನೆ ಕಾಚಿಗುಡದಲ್ಲಿತ್ತು. ಬೇಸಿಗೆ ರಜೆಗೆ ಹೋದ ನಾನು ಅವರ ಕೈಹಿಡಿದು ಬಡಿ ಚೌಡಿಯ ತರಕಾರಿ ಸಂತೆಗೆ, ಸುಲ್ತಾನ್ ಬಜಾರಿಗೆ, ಕೋಠಿಗೆ ನಡೆದೇ ಹೋಗುತ್ತಿದ್ದೆ. ಹಾದಿಯುದ್ದಕ್ಕೂ ಮಾವ ನಿಲ್ಲುತ್ತಿದ್ದರು. ಒಬ್ಬರು ಸುರಪುರದವರು, ಒಬ್ಬರು ಭಾಲ್ಕಿಯವರು, ಇನ್ನೊಬ್ಬರು ಲಿಂಗಸುಗೂರಿನವರು. “ಮಂದಿರಕ್ಕೆ ಬರ್ತೀರೇನು ಸಂಜಿಗೆ?” ಎಂಬ ಮಾತು ಬೀದಿಯಲ್ಲಿಯೇ ಆಗುತ್ತಿತ್ತು. ಮಂದಿರವೆಂದರೆ ಕರ್ನಾಟಕ ಸಾಹಿತ್ಯ ಮಂದಿರ. ಆ ಸಂಸ್ಥೆಯೂ ನೃಪತುಂಗ ಶಾಲೆಯೂ ಕಾಚಿಗುಡದ ಆಸುಪಾಸಿನಲ್ಲಿ ಬೇರುಬಿಟ್ಟದ್ದು ಕನ್ನಡಿಗರು ಅಲ್ಲಿ ಹತ್ತಿರಹತ್ತಿರ ವಾಸವಾಗಿದ್ದರಿಂದ ಎಂದು ಎಲ್ಲರೂ ಹೇಳುತ್ತಾರೆ. ನಾನು ಅದಕ್ಕೆ ಒಂದು ಮಾತು ಸೇರಿಸುತ್ತೇನೆ: ಅವರು ಬೀದಿಯಲ್ಲಿ ನಡೆಯುತ್ತಿದ್ದರು, ಆದ್ದರಿಂದ ಒಬ್ಬರಿಗೊಬ್ಬರು ಕಾಣಿಸುತ್ತಿದ್ದರು.

ಇಂದು ಮಾದಾಪುರದಲ್ಲಿಯೂ ಅದರ ಸುತ್ತಲಿನ ಕೊಂಡಾಪುರ, ಗಚ್ಚಿಬೌಲಿಗಳಲ್ಲಿಯೂ ಕನ್ನಡದ ಹುಡುಗ ಹುಡುಗಿಯರಿಗೆ ಕೊರತೆಯಿಲ್ಲ. ಅಯ್ಯಪ್ಪ ಸೊಸೈಟಿಯ ಹಾಸ್ಟೆಲುಗಳಲ್ಲಿ ಹುಬ್ಬಳ್ಳಿಯ ಮಾತೂ ಬಳ್ಳಾರಿಯ ಮಾತೂ ಕಿವಿಗೆ ಬೀಳುತ್ತವೆ. ಆದರೆ ಅವರು ಒಬ್ಬರನ್ನೊಬ್ಬರು ಅರಿಯರು, ನಮ್ಮನ್ನಂತೂ ಅರಿಯರು. ಹೊಸ ಪೀಳಿಗೆಗೆ ಭಾಷಾಭಿಮಾನವಿಲ್ಲ ಎಂದು ನಾವು ವೇದಿಕೆಯಿಂದ ಬೈಯುತ್ತೇವೆ. ಲಿಫ್ಟಿನಿಂದ ನೆಲಮಾಳಿಗೆಗೆ, ನೆಲಮಾಳಿಗೆಯಿಂದ ಕಾರಿಗೆ, ಕಾರಿನಿಂದ ಕಚೇರಿಯ ನೆಲಮಾಳಿಗೆಗೆ ಸಾಗುವ ಬದುಕಿನಲ್ಲಿ ಒಬ್ಬ ಕನ್ನಡಿಗ ಇನ್ನೊಬ್ಬ ಕನ್ನಡಿಗನಿಗೆ ಎಲ್ಲಿ ಎದುರಾಗಬೇಕು?

ಮಾದಾಪುರ ಹೀಗೆ ಆದದ್ದು ವಿಧಿಯಿಂದಲ್ಲ. 1998ರ ನವೆಂಬರ್ 22ರಂದು ಅಂದಿನ ಪ್ರಧಾನಿ ವಾಜಪೇಯಿಯವರು ಇಲ್ಲಿ ಸೈಬರ್ ಟವರ್ಸ್ ಕಟ್ಟಡವನ್ನು ಉದ್ಘಾಟಿಸಿದರು. ನಗರದ ಅಂಚಿನ ಬಂಡೆಗಳ ಭೂಮಿ ಉದಾರೀಕರಣದ ಭಿತ್ತಿಚಿತ್ರವಾಯಿತು. ಹಳೆಯ ನಗರದ ಗಲ್ಲಿಗಳಿಗೆ ಜಾಗದ ಅಭಾವದ ನೆಪವಿದೆ. ಇಲ್ಲಿ ಆ ನೆಪಕ್ಕೂ ಆಸ್ಪದವಿರಲಿಲ್ಲ. ಬಹುಪಾಲು ಖಾಲಿಯಾಗಿದ್ದ ನೆಲದ ಮೇಲೆ ನೂರು ಅಡಿ ಅಗಲದ ರಸ್ತೆಗಳನ್ನು ಎಳೆದವರಿಗೆ ಎರಡೂ ಬದಿಯಲ್ಲಿ ಎಂಟೆಂಟು ಅಡಿ ಮನುಷ್ಯರಿಗೆ ಬಿಡುವುದು ಕಷ್ಟದ ಕೆಲಸವಾಗಿರಲಿಲ್ಲ. ಅದು ಮನಸ್ಸಿಗೆ ಬರಲಿಲ್ಲ, ಅಷ್ಟೇ. ಮನಸ್ಸಿಗೆ ಬಾರದಿರುವುದೂ ಒಂದು ರಾಜಕೀಯವೇ.

ಆಮೇಲಿನ ಕಥೆ ಇನ್ನೂ ಸ್ಪಷ್ಟವಾದದ್ದು. ಕಳೆದ ದಶಕದಲ್ಲಿ ‘ಕಾರ್ಯತಂತ್ರದ ರಸ್ತೆ ಅಭಿವೃದ್ಧಿ ಯೋಜನೆ’ಯೆಂಬ ಹೆಸರಿನಲ್ಲಿ ಅಯ್ಯಪ್ಪ ಸೊಸೈಟಿಯ ಕೆಳಸೇತುವೆ, ಮೈಂಡ್‌ಸ್ಪೇಸ್‌ನ ಮೇಲ್ಸೇತುವೆ ಕೆಳಸೇತುವೆಗಳು, ಬಯೋಡೈವರ್ಸಿಟಿ ಜಂಕ್ಷನ್ನಿನ ಎರಡು ಅಂತಸ್ತಿನ ಸೇತುವೆಗಳು ಬಂದವು. ಗುರಿ ‘ಸಿಗ್ನಲ್‌ಮುಕ್ತ’ ಸಂಚಾರ. ಈ ಶಬ್ದವನ್ನು ಒಮ್ಮೆ ಕಾಲ್ನಡೆಯವನ ಕಡೆಯಿಂದ ಕೇಳಿ ನೋಡಿ. ವಾಹನದವನಿಗೆ ಸಿಗ್ನಲ್ ಎಂದರೆ ತಡೆ. ನಡೆಯುವವನಿಗೆ ದಿನದಲ್ಲಿ ರಸ್ತೆ ತನ್ನದಾಗುವ ನಲವತ್ತು ಸೆಕೆಂಡುಗಳೆಂದರೆ ಆ ಕೆಂಪು ದೀಪವೇ. ಅದನ್ನು ಕಿತ್ತು, ಚೌಕಗಳನ್ನು ಮುಚ್ಚಿ, ಅರ್ಧ ಕಿಲೋಮೀಟರಿಗೊಂದು ಯೂ-ಟರ್ನ್ ಇಟ್ಟಾಗ ವಾಹನದ ಪ್ರವಾಹಕ್ಕೆ ಎಲ್ಲಿಯೂ ಬಿರುಕಿಲ್ಲ. ಬಿರುಕಿಲ್ಲದ ಪ್ರವಾಹವನ್ನು ದಾಟುವುದು ಹೇಗೆ?

ಹತ್ತಿ ಇಳಿಯಿರಿ ಎನ್ನುತ್ತಾರೆ. ಅದಕ್ಕೆಂದು ಪಾದಚಾರಿ ಮೇಲ್ಸೇತುವೆಗಳಿವೆ, ಕೆಲವಕ್ಕೆ ಲಿಫ್ಟೂ ಇದೆ. ಅದು ನಡೆಯುವ ದಿನಗಳೂ ಇರುತ್ತವೆ. ಮೋಟಾರಿನ ಬಲದಿಂದ ಓಡುವವನು ಸಮತಟ್ಟಾದ ನೆಲದಲ್ಲಿ ಓಡಬೇಕು, ಸ್ವಂತ ಕಾಲಿನ ಬಲದಿಂದ ನಡೆಯುವವನು ಎರಡು ಅಂತಸ್ತು ಹತ್ತಿ ಇಳಿಯಬೇಕು. ಯಾವ ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಆಧಾರವಿದೆಯೋ ನಾನರಿಯೆ. ಐವತ್ತು ದಾಟಿದ ನನ್ನ ಮೊಣಕಾಲುಗಳಂತೂ ಇದನ್ನು ಒಪ್ಪುವುದಿಲ್ಲ. 2023ರ ಸುಮಾರಿಗೆ ನಗರದ ಹಲವೆಡೆ ಪಾದಚಾರಿಯೇ ಗುಂಡಿ ಒತ್ತಿ ವಾಹನ ನಿಲ್ಲಿಸಬಹುದಾದ ಪೆಲಿಕನ್ ಸಿಗ್ನಲುಗಳನ್ನು ಹಾಕಿದರು. ಅದು ಸರಿಯಾದ ದಿಕ್ಕಿನ ಹೆಜ್ಜೆ, ಶ್ಲಾಘಿಸುತ್ತೇನೆ. ಆದರೆ ಗುಂಡಿ ಒತ್ತಿ ಕೆಂಪು ದೀಪ ಬಂದ ಮೇಲೂ ಕೈಯೊಡ್ಡಿ, ತಲೆಬಾಗಿ, ಭಿಕ್ಷೆ ಬೇಡುವಂತೆ ದಾಟುವ ದೃಶ್ಯವನ್ನು ನಾನು ದಿನವೂ ಕಾಣುತ್ತೇನೆ.

ಬಯೋಡೈವರ್ಸಿಟಿ ಜಂಕ್ಷನ್ನಿನ ಹೆಸರು ಬಂತು. 2012ರಲ್ಲಿ ಜೀವವೈವಿಧ್ಯ ಕುರಿತ ವಿಶ್ವಸಂಸ್ಥೆಯ ಸಮಾವೇಶ ಈ ಊರಿನಲ್ಲಿ ನಡೆದುದರ ನೆನಪನ್ನು ಹೊತ್ತ ಹೆಸರು ಅದು. ಅಲ್ಲಿಯ ಮೇಲ್ಸೇತುವೆ 2019ರ ನವೆಂಬರ್ 4ರಂದು ತೆರೆಯಿತು. ಹತ್ತೊಂಬತ್ತನೆಯ ದಿನ, ನವೆಂಬರ್ 23ರಂದು, ಮಿತಿಮೀರಿದ ವೇಗದಲ್ಲಿ ಬಂದ ಕಾರೊಂದು ಸೇತುವೆಯ ತಿರುವಿನಲ್ಲಿ ತಡೆಗೋಡೆ ಹಾರಿ ಕೆಳಗಿನ ರಸ್ತೆಗೆ ಬಿತ್ತು. ಕೆಳಗೆ ರಸ್ತೆಯ ಬದಿಯಲ್ಲಿ ವಾಹನಕ್ಕಾಗಿ ಕಾಯುತ್ತಿದ್ದ ಹೆಣ್ಣುಮಗಳೊಬ್ಬಳು ಸತ್ತಳು. ಆಕಾಶದಿಂದ ಕಾರು ಬಿದ್ದು ಸಾಯುವುದು! ಸೇತುವೆಯನ್ನು ಮುಚ್ಚಿದರು, ಪರಿಶೀಲಿಸಿದರು, ತಡೆಗಳನ್ನು ಬಲಪಡಿಸಿ 2020ರ ಜನವರಿಯಲ್ಲಿ ಮತ್ತೆ ತೆರೆದರು. ಕಾರು ಬೀಳದಂತೆ ಏನು ಮಾಡಬೇಕೆಂಬ ಚರ್ಚೆ ಪತ್ರಿಕೆಗಳಲ್ಲಿ ಧಾರಾಳವಾಗಿ ನಡೆಯಿತು, ನಡೆಯಬೇಕಾದದ್ದೇ. ಸೇತುವೆಯ ಕೆಳಗೆ ನಿಲ್ಲುವವರಿಗೆ ನಿಲ್ಲಲು ಒಂದು ನೆಲೆಯನ್ನು ಮಾಡಿದ್ದೇವೆಯೇ ಎಂಬ ಪ್ರಶ್ನೆ ನನ್ನ ಕಿವಿಗೆ ಬೀಳಲಿಲ್ಲ.

ಇದು ಒಂದು ಜಂಕ್ಷನ್ನಿನ ದುರದೃಷ್ಟವೆಂದು ತಳ್ಳಿಹಾಕುವವರಿಗೆ ಕೇಂದ್ರ ಸಾರಿಗೆ ಸಚಿವಾಲಯದ ಅಂಕಿಗಳಿವೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಪಾದಚಾರಿಗಳು 32,825. ದಿನಕ್ಕೆ ತೊಂಬತ್ತು. ಒಂದು ವಿಮಾನ ಬಿದ್ದು ತೊಂಬತ್ತು ಜನ ಸತ್ತರೆ ದೇಶ ಒಂದು ವಾರ ಬೇರೆ ಮಾತಾಡುವುದಿಲ್ಲ. ಇಲ್ಲಿ ಪ್ರತಿದಿನವೂ ಒಂದು ವಿಮಾನ ಬೀಳುತ್ತಿದೆ, ಅದರೊಳಗೆ ಕುಳಿತವರು ಟಿಕೇಟು ಕೊಳ್ಳದವರು.

ನಾನು ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವನು. ಲೆಕ್ಕಪತ್ರಗಳ ತಪಾಸಣೆಯಲ್ಲಿ ಮೂವತ್ತು ವರ್ಷ ಕಳೆದವನು. ನಾಗಪುರ, ದೆಹಲಿ, ಮುಂಬಯಿ ಎಂದು ಎಷ್ಟೋ ಊರುಗಳ ಕಾಮಗಾರಿಗಳ ಅಂದಾಜುಪಟ್ಟಿಗಳನ್ನು ಓದಿದ್ದೇನೆ. ಅವುಗಳಲ್ಲಿ ಒಂದು ಜಾಡು ಕಾಣುತ್ತದೆ. ಡಾಂಬರು, ವಿಭಜಕ, ದೀಪಸ್ತಂಭ, ನೆಲದಡಿಯ ಕೊಳವೆ, ಎಲ್ಲವೂ ಮೊದಲ ಪುಟಗಳಲ್ಲಿರುತ್ತವೆ. ಪಾದಚಾರಿ ಮಾರ್ಗ ಕೊನೆಯ ಪುಟದಲ್ಲಿ, ಹೂಕುಂಡದ ಹತ್ತಿರ. ವೆಚ್ಚ ಮಿತಿಮೀರಿದಾಗ ಮೊದಲು ಕತ್ತರಿ ಬೀಳುವುದು ಅದಕ್ಕೆ; ಆ ಕತ್ತರಿಗೆ ಕಡತದಲ್ಲಿ ‘ಉಳಿತಾಯ’ ಎಂಬ ಗೌರವದ ಹೆಸರು. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಇದು ಉಳಿತಾಯವಲ್ಲ, ಖರ್ಚಿನ ವರ್ಗಾವಣೆ. ಪಾಲಿಕೆಯ ಪುಸ್ತಕದಿಂದ ಮಾಯವಾದ ಹಣ ನನ್ನ ಅವ್ವನ ಸೊಂಟದ ಶಸ್ತ್ರಚಿಕಿತ್ಸೆಯ ಬಿಲ್ಲಿನಲ್ಲಿ ಪ್ರತ್ಯಕ್ಷವಾಗುತ್ತದೆ. ಯಾವ ಲೆಕ್ಕ ತಪಾಸಣೆಗೂ ಅದು ಸಿಗುವುದಿಲ್ಲ.

ಕಟ್ಟಿದ ಫುಟ್‌ಪಾತುಗಳ ಪಾಡಾದರೂ ಏನು? ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 103ನೇ ಸಂಹಿತೆ, 2012ರ ಆವೃತ್ತಿ, ಕನಿಷ್ಠ 1.8 ಮೀಟರ್ ಅಗಲದ ಅಡೆತಡೆಯಿಲ್ಲದ ನಡಿಗೆಯ ಪಟ್ಟಿ ಬೇಕೆನ್ನುತ್ತದೆ. ಅಂಚಿನ ಎತ್ತರ 15 ಸೆಂಟಿಮೀಟರನ್ನು ಮೀರಬಾರದೆನ್ನುತ್ತದೆ. ಮನೆಯಿಂದ ಮಾದಾಪುರ ಮೆಟ್ರೊ ನಿಲ್ದಾಣದವರೆಗಿನ ಹಾದಿಯನ್ನು ನಾನೊಂದು ಭಾನುವಾರ ಟೇಪು ಹಿಡಿದು ಅಳೆದೆ. ಕಾವಲುಗಾರರು ವಿಚಿತ್ರವಾಗಿ ನೋಡಿದರು. ಕೆಲವೆಡೆ ಅಂಚು ನನ್ನ ಮೊಣಕಾಲನ್ನು ಸಮೀಪಿಸುತ್ತದೆ. ಅವ್ವನಂಥವರು ಅದನ್ನು ಏರುವುದು ಅಸಾಧ್ಯ. ಏರಿದರೂ ಹತ್ತು ಹೆಜ್ಜೆಗೆ ವಿದ್ಯುತ್ ಪರಿವರ್ತಕ, ಇಪ್ಪತ್ತಕ್ಕೆ ಕಟ್ಟಡವೊಂದರ ಇಳಿಜಾರು, ಆಮೇಲೆ ಬಾಯ್ದೆರೆದ ಚರಂಡಿ, ಆಮೇಲೆ ನಿಂತ ಕಾರುಗಳು. ಹತ್ತುತ್ತ ಇಳಿಯುತ್ತ ಹೋಗುವುದಕ್ಕಿಂತ ರಸ್ತೆಯಲ್ಲೇ ನಡೆಯುವುದು ಲೇಸೆಂದು ಎಲ್ಲರೂ ಕೆಳಗಿಳಿಯುತ್ತಾರೆ. ‘ಜನ ಫುಟ್‌ಪಾತನ್ನು ಬಳಸುವುದಿಲ್ಲ’ ಎಂಬ ವರದಿ ತಯಾರಾಗುತ್ತದೆ.

ಅಮೀರ್‌ಪೇಟೆಯಿಂದ ಹೈಟೆಕ್ ಸಿಟಿಗೆ ಮೆಟ್ರೊ ಬಂದದ್ದು 2019ರ ಮಾರ್ಚಿನಲ್ಲಿ, ರಾಯದುರ್ಗದವರೆಗೆ ವಿಸ್ತರಿಸಿದ್ದು ಅದೇ ವರ್ಷದ ನವೆಂಬರಿನಲ್ಲಿ. ಅಪಾರ ಹಣ ಸುರಿದು ಕಟ್ಟಿದ ಆ ಗಾಡಿಯಲ್ಲಿ ತಣ್ಣಗೆ ಬಂದಿಳಿದವನು ಮೆಟ್ಟಿಲಿಳಿದೊಡನೆ ಬೀದಿಯ ಅನಾಥನಾಗುತ್ತಾನೆ. ಕೊನೆಯ ಅರ್ಧ ಮೈಲಿ ನಡೆಯಲಾಗದೆಂಬ ಒಂದೇ ಕಾರಣಕ್ಕೆ ಕಾರು ಕೊಂಡ ನನ್ನ ಸಹೋದ್ಯೋಗಿಗಳು ಹಲವರಿದ್ದಾರೆ. ಆ ಕಾರು ಫುಟ್‌ಪಾತಿನ ಮೇಲೆ ನಿಲ್ಲುತ್ತದೆ. ಇನ್ನೊಬ್ಬನಿಗೆ ನಡೆಯಲಾಗುವುದಿಲ್ಲ, ಅವನೂ ಕಾರು ಕೊಳ್ಳುತ್ತಾನೆ.

ಫುಟ್‌ಪಾತಿನ ಮಾತು ಬಂದೊಡನೆ ನಮ್ಮ ಮಧ್ಯಮ ವರ್ಗದ ಬೆರಳು ಬೀದಿ ವ್ಯಾಪಾರಿಯತ್ತ ತಿರುಗುತ್ತದೆ. ಇಲ್ಲಿ ನಾನು ತಡೆಯಲೇಬೇಕು. 2024ರ ಜನವರಿಯಲ್ಲಿ ದುರ್ಗಂ ಚೆರುವು ಸಮೀಪದ ಊಟದ ಗಾಡಿಯೊಂದರ ಮುಂದೆ ಜನ ಮುಗಿಬೀಳುತ್ತಾರೆ, ವಾಹನ ನಿಲ್ಲುತ್ತವೆ ಎಂದು ಪೊಲೀಸರು ಅದನ್ನು ಎತ್ತಿಸಹೊರಟರು. ಕಡೆಗೆ ಮುಖ್ಯಮಂತ್ರಿಗಳೇ ಮಧ್ಯೆ ಪ್ರವೇಶಿಸಿ ಅದನ್ನು ಉಳಿಸಿದರು. ಅಡ್ಡಿಯಾದದ್ದು ಅನ್ನದ ಪಾತ್ರೆಯೋ, ಊಟಕ್ಕೆಂದು ರಸ್ತೆಯಲ್ಲೇ ನಿಂತ ನಮ್ಮ ಕಾರುಗಳೋ ಎಂದು ಆಗ ಯಾರೂ ಗಟ್ಟಿಯಾಗಿ ಕೇಳಿದಂತಿಲ್ಲ. ಬೀದಿ ವ್ಯಾಪಾರಕ್ಕೆ ಸಂವಿಧಾನದ ರಕ್ಷಣೆಯಿದೆಯೆಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿತು. 2014ರಲ್ಲಿ ಸಂಸತ್ತು ಅದಕ್ಕೆ ಕಾಯಿದೆಯನ್ನೂ ಮಾಡಿತು. ವ್ಯಾಪಾರಿಗೊಂದು ಗೆರೆ, ನಡೆಯುವವರಿಗೊಂದು ಗೆರೆ ಎಳೆಯುವುದು ಆ ಕಾಯಿದೆಯ ಆಶಯ. ಮೆಣಸಿನಕಾಯಿ ಬಜ್ಜಿಯ ಬಂಡಿ ಯಾರ ಸೊಂಟವನ್ನೂ ಮುರಿದಿಲ್ಲ. ರಾತ್ರಿ ಒಂಬತ್ತರ ಮೇಲೆ ಹೆಣ್ಣುಮಕ್ಕಳು ಧೈರ್ಯವಾಗಿ ನಡೆಯುವುದು ಅಂಥ ಬಂಡಿಗಳ ದೀಪವಿರುವ ಬೀದಿಯಲ್ಲೇ.

ಈ ಸೆಖೆಯಲ್ಲಿ ಯಾರು ನಡೆಯುತ್ತಾರೆ ಎಂಬ ಆಕ್ಷೇಪವೂ ಇದೆ. 2020ರ ಸೆಪ್ಟೆಂಬರ್ 25ರಂದು ದುರ್ಗಂ ಚೆರುವಿನ ಮೇಲೆ ತೂಗುತಂತಿಯ ಸೇತುವೆ ತೆರೆದಾಗ ನೋಡಲು ಬಂದ ಜನಸಾಗರವನ್ನು ತಾಳಲಾರದೆ ವಾರಾಂತ್ಯಗಳಲ್ಲಿ ವಾಹನಗಳನ್ನೇ ನಿಲ್ಲಿಸಬೇಕಾಯಿತು. ಆ ದಿನಗಳಲ್ಲಿ ನಾನೂ ಹೋಗಿದ್ದೆ. ಮುಖಗವಸು ಹಾಕಿದ ಸಂಸಾರಗಳು, ತಳ್ಳುಗಾಡಿಯ ಕೂಸುಗಳು, ಕೋಲೂರಿದ ಮುದುಕರು ಸೇತುವೆಯ ನಟ್ಟನಡುವೆ ನಡೆಯುತ್ತಿದ್ದರು. ಅವರಿಗೆ ಯಾವುದೇ ಗುರಿಯಿರಲಿಲ್ಲ. ನಡೆಯಲು ಒಂದಿಷ್ಟು ನೆಲ ಸಿಕ್ಕಿತ್ತು, ಬಂದಿದ್ದರು.

ಅಕ್ಕಪಕ್ಕದ ಊರುಗಳನ್ನು ನೋಡಿ. ಚೆನ್ನೈ ಪಾಲಿಕೆ 2014ರಲ್ಲಿ ಮೋಟಾರುರಹಿತ ಸಂಚಾರಕ್ಕೆಂದೇ ಒಂದು ನೀತಿಯನ್ನು ಅಂಗೀಕರಿಸಿತು. 2019ರಲ್ಲಿ ತ್ಯಾಗರಾಯನಗರದ ಪಾಂಡಿ ಬಜಾರಿನಲ್ಲಿ ವಿಶಾಲವಾದ ನಡಿಗೆಯ ಹಾದಿ ಮಾಡಿತು. ನಮ್ಮ ಬೆಂಗಳೂರು ಈ ವಿಷಯದಲ್ಲಿ ಎದೆತಟ್ಟಿಕೊಳ್ಳುವಂತಿಲ್ಲ. ಆದರೂ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಫುಟ್‌ಪಾತು ಮೊದಲು, ಡಾಂಬರು ಆಮೇಲೆ ಎಂಬ ಲೆಕ್ಕ ಸಾಧ್ಯವೆಂದು ಅದು ತೋರಿಸಿತು. 2018ರಲ್ಲಿ ಹೊಸದಾಗಿ ಕಲ್ಲುಹಾಸಿದ ಚರ್ಚ್ ಸ್ಟ್ರೀಟನ್ನು 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನಗಳಿಗೆ ಮುಚ್ಚಿದಾಗ ಆಕಾಶವೇನೂ ಕಳಚಿ ಬೀಳಲಿಲ್ಲ.

ಕಾನೂನಿನ ಮಾತನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಮ್ಮ ಜನ ಫುಟ್‌ಪಾತನ್ನು ಸರ್ಕಾರದ ದಯೆಯೆಂದೇ ತಿಳಿದಿದ್ದಾರೆ. 2019ರ ಜುಲೈ 31ರಂದು ಕರ್ನಾಟಕ ಹೈಕೋರ್ಟು ಬೆಂಗಳೂರಿನ ರಸ್ತೆಗುಂಡಿಗಳ ಮೊಕದ್ದಮೆಯಲ್ಲಿ, ಸುಸ್ಥಿತಿಯ ರಸ್ತೆ ಮತ್ತು ಪಾದಚಾರಿ ಮಾರ್ಗಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿತು. ಆಗ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರು ಅಭಯ್ ಓಕಾ. ಕೊಯಮತ್ತೂರಿನ ಮೂಳೆತಜ್ಞ ಡಾ. ರಾಜಶೇಖರನ್ 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ರಸ್ತೆ ಸುರಕ್ಷತೆಗಾಗಿ ಹೂಡಿದ ಮೊಕದ್ದಮೆಯಲ್ಲಿ, 2025ರ ಮೇ 14ರಂದು, ಅದೇ ಓಕಾ ಅವರಿದ್ದ ಪೀಠ ಫುಟ್‌ಪಾತಿನ ಹಕ್ಕು 21ನೇ ವಿಧಿಯದೇ ಎಂದು ಇಡೀ ದೇಶಕ್ಕೆ ಅನ್ವಯವಾಗುವಂತೆ ಸಾರಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಇನ್ನೊಂದು ಪೀಠ, ಪಾದಚಾರಿಗಳ ಬಗ್ಗೆ ರಾಜ್ಯಗಳು ಆರು ತಿಂಗಳೊಳಗೆ ನಿಯಮ ರೂಪಿಸಬೇಕೆಂದು ಆದೇಶಿಸಿತು. ಮುರಿದ ಮೂಳೆಗಳನ್ನು ಜೋಡಿಸುವ ವೈದ್ಯನೊಬ್ಬ ಬೇಸತ್ತು ನ್ಯಾಯಾಲಯದ ಬಾಗಿಲು ತಟ್ಟಿದ್ದರಲ್ಲಿ ನಮಗೊಂದು ಪಾಠವಿಲ್ಲವೇ?

ಕೇಂದ್ರ ಸರ್ಕಾರದ ನೌಕರನಾದ ನಾನು ಸರ್ಕಾರದ ನೀತಿಯನ್ನು ಟೀಕಿಸಬಾರದೆಂಬ ನಡತೆ ನಿಯಮವನ್ನು ಬಲ್ಲೆ. ಅದೃಷ್ಟಕ್ಕೆ, ನೀತಿ ನನ್ನ ಪಕ್ಷದಲ್ಲೇ ಇದೆ. ವಾಹನಗಳನ್ನಲ್ಲ, ಜನರನ್ನು ಸಾಗಿಸುವುದು ಮುಖ್ಯವೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿದೆ. ಬರೆದದ್ದನ್ನು ಮಾಡಿರೆಂದು ಕೇಳುವುದು ಅಶಿಸ್ತಾಗಲಾರದು.

ಉಳಿದದ್ದು ನಮ್ಮವರ ಕೊನೆಯ ಆಕ್ಷೇಪ: ‘ಪರಊರಿನ ಉಸಾಬರಿ ನಮಗೇಕೆ?’ ಈ ಸಂಕೋಚವನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ನಾನೂ ಅದರಲ್ಲೇ ಬೆಳೆದವನು. 1908ರ ಮೂಸಿ ನದಿಯ ಪ್ರವಾಹದ ತರುವಾಯ ಹೈದರಾಬಾದಿಗೆ ಬಂದು ಈ ಊರನ್ನು ನೀರಿನಿಂದ ಕಾಯುವ ಯೋಜನೆ ರೂಪಿಸಿದ ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಪ್ರತಿ ಸೆಪ್ಟೆಂಬರಿನಲ್ಲೂ ಹಾರ ಹಾಕುತ್ತೇವೆ. ಅವರು ಪರಊರಿನ ಉಸಾಬರಿಯೆಂದು ಸುಮ್ಮನಿದ್ದರೇ? ಮನೆಗಂದಾಯ ಇಲ್ಲಿ ಕಟ್ಟುತ್ತೇವೆ, ಮತ ಇಲ್ಲಿ ಹಾಕುತ್ತೇವೆ. ರಾಜ್ಯೋತ್ಸವದ ದಿನ ನಮ್ಮ ಕಾರುಗಳು ಸಭಾಭವನದ ಮುಂದಿನ ಫುಟ್‌ಪಾತನ್ನು ಗೋಡೆಯಿಂದ ಅಂಚಿನವರೆಗೆ ತುಂಬುತ್ತವೆ. ಕಳೆದ ನವೆಂಬರಿನಲ್ಲಿ ಶಾಲೆ ಬಿಟ್ಟ ತೆಲುಗು ಮಕ್ಕಳು ನಮ್ಮ ಕಾರುಗಳನ್ನು ಬಳಸಿ, ಬಸ್ಸುಗಳ ನಡುವೆ ನುಸುಳಿ ಹೋಗುವುದನ್ನು ಬಾಗಿಲಲ್ಲಿ ನಿಂತು ಕಂಡೆ. ಒಳಗೆ ನಾಡಗೀತೆ ನಡೆದಿತ್ತು. ಆ ಸಾಲಿನಲ್ಲಿ ನಾಲ್ಕನೆಯ ಕಾರು ನನ್ನದೇ. ಉಸಾಬರಿ ನಮಗೆ ಆಗಲೇ ಅಂಟಿದೆ.

ಆದ್ದರಿಂದ ಸಂಘದ ಮುಂದೆ ಒಂದು ಠರಾವನ್ನು ಇಡುತ್ತಿದ್ದೇನೆ. ಮೊದಲನೆಯದಾಗಿ, ನಮ್ಮ ಯಾವ ಕಾರ್ಯಕ್ರಮಕ್ಕೂ ಫುಟ್‌ಪಾತಿನ ಮೇಲೆ ವಾಹನ ನಿಲ್ಲಿಸಕೂಡದು. ಆಹ್ವಾನಪತ್ರಿಕೆಯಲ್ಲಿ ಹತ್ತಿರದ ಮೆಟ್ರೊ ನಿಲ್ದಾಣದ ಹೆಸರನ್ನು ಅಚ್ಚುಹಾಕಿಸಬೇಕು. ಎರಡನೆಯದಾಗಿ, ಮಾದಾಪುರದ ನಿವಾಸಿ ಸಂಘಗಳ ತೆಲುಗು, ಉರ್ದು ಬಂಧುಗಳೊಡನೆ ಸೇರಿ ಪಾಲಿಕೆಗೆ ಒಂದು ಅರ್ಜಿ ಕೊಡಬೇಕು. ಮೆಟ್ರೊ ನಿಲ್ದಾಣಗಳ ಸುತ್ತಿನ ಹಾದಿಗಳನ್ನು ಸಂಹಿತೆಯ ಅಳತೆಗೆ ತರಲಿ, ಮುಚ್ಚಿದ ಚೌಕಗಳಲ್ಲಿ ನೆಲಮಟ್ಟದಲ್ಲೇ ದಾಟುವ ಸಿಗ್ನಲು ಇಡಲಿ, ಒಳರಸ್ತೆಗಳಲ್ಲಿ ವೇಗವನ್ನು ಮೂವತ್ತಕ್ಕೆ ಇಳಿಸಲಿ. ಅರ್ಜಿಯ ಕರಡು ಕನ್ನಡದಲ್ಲೂ ತೆಲುಗಿನಲ್ಲೂ ಸಿದ್ಧವಿದೆ. ಉರ್ದು ಬಲ್ಲ ಬೀದರಿನ ಹಿರಿಯರು ನೆರವಾಗಬೇಕು. ಅರ್ಜಿಗೆ ಲಗತ್ತಿಸಲು ಅಳತೆಗಳು ಬೇಕಾಗಿವೆ. ಬರುವ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಆರಕ್ಕೆ ಮಾದಾಪುರ ಮೆಟ್ರೊ ನಿಲ್ದಾಣದ ಕೆಳಗೆ ಸೇರೋಣ. ಅಳೆಯುವ ಟೇಪು ನಾನು ತರುತ್ತೇನೆ. ಬರೆದುಕೊಳ್ಳಲು ಇಬ್ಬರು ಬೇಕು.